ಗಂತಿನಿಂದ ಮಂಜೊಟ್ಟಿಯವರೆಗೆ: ಜೋಡುಕರೆ ಕಂಬಳದ ಬೆಳವಣಿಗೆ ಮತ್ತು ಅದರ ಬರೆಯದ ಪುಟಗಳು

2020ರ ಫೆಬ್ರವರಿಯ ಬಳಿಕ ಕಂಬಳದ ಕುರಿತು ಪ್ರಕಟವಾದ ಬರಹಗಳಲ್ಲಿ ಹೆಚ್ಚಿನವು ಸೆಕೆಂಡುಗಳ ಲೆಕ್ಕದಿಂದ ಆರಂಭವಾಗಿ ಸೆಕೆಂಡುಗಳ ಲೆಕ್ಕದಲ್ಲಿಯೇ ಮುಗಿಯುತ್ತವೆ. ಐಕಳದ ಕಂಬಳದಲ್ಲಿ ಮೂಡುಬಿದಿರೆ ಸಮೀಪದ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರ್ ಉದ್ದದ ಕರೆಯನ್ನು, ಅಂದರೆ ಕೆಸರಿನ ಓಟದ ಹಾದಿಯನ್ನು, 13.62 ಸೆಕೆಂಡುಗಳಲ್ಲಿ ಕ್ರಮಿಸಿದ್ದು, ಆ ಓಟವನ್ನು ನೂರು ಮೀಟರಿಗೆ ಇಳಿಸಿ 9.55 ಸೆಕೆಂಡು ಎಂದು ಲೆಕ್ಕ ಹಾಕಿದ್ದು, ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಸ್ಥಾಪಿಸಿದ 9.58ರ ವಿಶ್ವದಾಖಲೆಯ ಪಕ್ಕದಲ್ಲಿ ಅದನ್ನು ಇರಿಸಿದ್ದು, ಕಂಬಳದ ಹೆಸರನ್ನೇ ಕೇಳದಿದ್ದವರಿಗೂ ಅದನ್ನು ಪರಿಚಯಿಸಿತು ಎಂಬುದು ನಿಜ. ಆದರೆ ಆ ಪರಿಚಯದೊಂದಿಗೆ ಬಂದ ತಪ್ಪು ತಿಳಿವಳಿಕೆಯು ಇಂದು ಕಂಬಳವನ್ನು ಬಲ್ಲವರ ಬರಹಗಳಲ್ಲಿಯೂ ನೆಲೆಯೂರುತ್ತಿದೆ. ಕಂಬಳವೆಂದರೆ ಮನುಷ್ಯರ ಓಟದ ಒಂದು ಬಗೆ, ಕೋಣಗಳು ಅದಕ್ಕೆ ಒದಗುವ ಸಾಧನ, ಉಳಿದದ್ದೆಲ್ಲ ಅಲಂಕಾರ ಎಂಬ ಈ ನೋಟದಿಂದ ನೋಡಿದರೆ ಕಳೆದ ಐದು ದಶಕಗಳಲ್ಲಿ ಈ ಸ್ಪರ್ಧೆ ಹೇಗೆ ಬೆಳೆಯಿತು, ಅದರ ಯಾವ ಅಂಗ ಕೊಬ್ಬಿತು, ಯಾವುದು ಸೊರಗಿತು ಎಂಬುದು ಕಾಣುವುದೇ ಇಲ್ಲ. ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ತಾಲೂಕುಗಳ ಕಂಬಳಗಳನ್ನು ಮುಖ್ಯವಾಗಿ ಇಟ್ಟುಕೊಂಡು ಆ ಬೆಳವಣಿಗೆಯನ್ನು ಗುರುತಿಸುವುದು ಈ ಲೇಖನದ ಉದ್ದೇಶ.

ಹಳೆಯ ಕಾಲದ ಕಂಬಳದ ಬಗ್ಗೆ ಇಲ್ಲಿ ವಿಸ್ತಾರವಾಗಿ ಹೇಳಬೇಕಾಗಿಲ್ಲ. ಏಣೆಲು ಕೊಯ್ಲು ಮುಗಿದು ಗದ್ದೆಯಲ್ಲಿ ಇನ್ನೂ ನೀರಿರುವ ದಿನಗಳಲ್ಲಿ, ಬೀಡು ಅಥವಾ ಗುತ್ತಿನ ಮನೆಯ ದೊಡ್ಡ ಗದ್ದೆಯನ್ನು ಸುತ್ತಲಿನ ಒಕ್ಕಲುಗಳ ಕೋಣಗಳಿಂದ ಉಳುಮೆ ಮಾಡಿಸಿ, ದೈವದ ಹೆಸರಿನಲ್ಲಿ ಕೋಣಗಳನ್ನು ಒಂದೊಂದು ಜೊತೆಯಾಗಿ ಓಡಿಸುತ್ತಿದ್ದ ಆಚರಣೆ ಅದು. ಗದ್ದೆಯ ನಡುವೆ ಪೂಕರೆ ಎಂಬ ಅಲಂಕೃತ ಕಂಬವನ್ನು ನೆಡುವ ಪೂಕರೆ ಕಂಬಳ, ಅರಸು ಮನೆತನಗಳು ನಡೆಸುತ್ತಿದ್ದ ಅರಸು ಕಂಬಳ, ದೇವಸ್ಥಾನಕ್ಕೆ ಸೇರಿದ ದೇವರ ಕಂಬಳ ಎಂಬ ಭೇದಗಳು ಇದ್ದವು. ಬಂಗಾಡಿಯ ಬಂಗರು, ವೇಣೂರಿನ ಅಜಿಲರು, ಮೂಡುಬಿದಿರೆಯ ಚೌಟರು ಆಳಿದ ಈ ಸೀಮೆಯಲ್ಲಿ ಕಂಬಳದ ಗದ್ದೆಗೂ ಅರಮನೆಯ ಅಂಗಳಕ್ಕೂ ಇದ್ದ ಸಂಬಂಧ ಗಾಢವಾಗಿತ್ತು. ಆಗ ಗೆದ್ದವರು ಯಾರು ಎಂಬ ಪ್ರಶ್ನೆಗೆ ಹೆಚ್ಚಿನ ಮಹತ್ವವಿರಲಿಲ್ಲ. ಚೆನ್ನಾಗಿ ಓಡಿದ ಜೊತೆಗೆ ಎಳನೀರು, ಬಾಳೆಗೊನೆ ಸಲ್ಲುತ್ತಿದ್ದವು. ಕುಂದಾಪುರದ ಕಡೆಯ ವಂಡಾರಿನಂತಹ ಊರುಗಳಲ್ಲಿ ಈ ಸಾಂಪ್ರದಾಯಿಕ ಸ್ವರೂಪ ಈಗಲೂ ಉಳಿದಿದೆ.

ಆ ಕಾಲವನ್ನು ಹೊಗಳುವವರು ಒಂದು ಸಂಗತಿಯನ್ನು ಬಿಟ್ಟು ಮುಂದೆ ಸಾಗುವುದು ವಾಡಿಕೆಯಾಗಿದೆ. ಕಂಬಳದ ಹಿಂದಿನ ರಾತ್ರಿ ಕೊರಗ ಸಮುದಾಯದವರು ಗದ್ದೆಯ ಬದಿಯಲ್ಲಿ ಇಬ್ಬನಿಗೆ ಮೈಯೊಡ್ಡಿ, ಡೋಲು ಬಾರಿಸುತ್ತ ಬೆಳಗು ಮಾಡಬೇಕಾಗಿತ್ತು. ಪನಿ ಕುಲ್ಲುನಿ ಎಂದು ಕರೆಯುತ್ತಿದ್ದ ಈ ಕಟ್ಟಳೆ ಅವರ ಪಾಲಿಗೆ ಗೌರವವಾಗಿರದೆ ಹೇರಿಕೆಯಾಗಿತ್ತು. ಕರ್ನಾಟಕ ಸರ್ಕಾರ 2000ರಲ್ಲಿ ತಂದ ಅಜಲು ಪದ್ಧತಿ ನಿಷೇಧ ಕಾಯ್ದೆಯು, ಕಂಬಳದ ಆರಂಭಕ್ಕೆ ಮೊದಲು ಕೊರಗರನ್ನು ಕೋಣಗಳಂತೆ ಓಡಿಸುವುದನ್ನು ಹೆಸರಿಸಿಯೇ ನಿಷೇಧಿಸಬೇಕಾಗಿ ಬಂದದ್ದು ಆ ಹೇರಿಕೆಯ ಕ್ರೌರ್ಯಕ್ಕೆ ಸಾಕ್ಷಿ. ಕಂಬಳದ ಚರಿತ್ರೆಯನ್ನು ಬರೆಯುವವರು ಈ ಪುಟವನ್ನು ಅಡಿಟಿಪ್ಪಣಿಗೆ ತಳ್ಳುವುದು ಸರಿಯಲ್ಲ. ಯಾರ ಶ್ರಮ, ಯಾರ ಅವಮಾನ ಈ ಉತ್ಸವದ ತಳದಲ್ಲಿತ್ತು ಎಂಬುದು ಚರಿತ್ರೆಯ ಮುಖ್ಯ ಭಾಗವೇ ಆಗಿದೆ.

ಸ್ಪರ್ಧೆಯ ರೂಪದ ಕಂಬಳ, ಅಂದರೆ ಅಕ್ಕಪಕ್ಕದಲ್ಲಿ ಎರಡು ಓಟದ ಹಾದಿಗಳನ್ನು ಕಟ್ಟಿ ಎರಡು ಜೊತೆಗಳನ್ನು ಏಕಕಾಲದಲ್ಲಿ ಓಡಿಸುವ ಜೋಡುಕರೆ ಕಂಬಳ, 1970ರ ಆಸುಪಾಸಿನಲ್ಲಿ ಕಾರ್ಕಳ ತಾಲೂಕಿನ ಬಜಗೋಳಿಯಲ್ಲಿ ಲವ-ಕುಶ ಎಂಬ ಹೆಸರಿನಲ್ಲಿ ನೆಲೆಗೊಂಡಿತೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಕಾಲದ ದೃಷ್ಟಿಯಿಂದ ಇದು ಆಕಸ್ಮಿಕವಲ್ಲ. 1974ರ ಮಾರ್ಚ್‌ನಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯು ಗೇಣಿ ಪದ್ಧತಿಯನ್ನು ಕೊನೆಗೊಳಿಸಿ, ಬೀಡು-ಗುತ್ತುಗಳ ಕೈಯಿಂದ ಗದ್ದೆಗಳನ್ನು ಒಕ್ಕಲುಗಳಿಗೆ ದಾಟಿಸಿದಾಗ, ಕಂಬಳವನ್ನು ನಡೆಸುವ ಹೊಣೆಯೂ ಒಂದೇ ಮನೆಯಿಂದ ಊರಿನ ಸಮಿತಿಗಳಿಗೆ ಸರಿಯಬೇಕಾಯಿತು. ಅದೇ ದಶಕಗಳಲ್ಲಿ ಟಿಲ್ಲರ್ ಬಂದು ಉಳುಮೆಯ ಕೋಣಗಳು ಹಟ್ಟಿಯಿಂದ ಮರೆಯಾದವು, ಬೆಳ್ತಂಗಡಿಯ ಗದ್ದೆಗಳು ಒಂದರ ಹಿಂದೆ ಒಂದರಂತೆ ಅಡಿಕೆ ತೋಟಗಳಾದವು, ಗುಡ್ಡಗಳು ರಬ್ಬರಿಗೆ ಹೋದವು. ಹೀಗೆ ಗದ್ದೆಯೂ ಉಳುಮೆಯೂ ಇಲ್ಲವಾಗುತ್ತಿದ್ದ ಹೊತ್ತಿನಲ್ಲಿ ಕಂಬಳ ಉಳಿದುಕೊಂಡದ್ದು ತನ್ನ ನೆಲವನ್ನು ತಾನೇ ಕಟ್ಟಿಕೊಂಡದ್ದರಿಂದ. ಕೃಷಿಯ ಗದ್ದೆಯ ಬದಲು ಓಟಕ್ಕೆಂದೇ ಅಗೆದು, ಮರಳು ಬೆರೆಸಿ, ನೀರು ಕಟ್ಟಿ ನಿಲ್ಲಿಸುವ ಶಾಶ್ವತ ಕರೆಗಳು ಬಂದವು. ಹಳೆಯದನ್ನು ಕಳೆದುಕೊಂಡೆವು ಎಂದು ಕೊರಗುವವರು ಈ ಬದಲಾವಣೆಯ ಸೃಜನಶೀಲತೆಯನ್ನು ಗುರುತಿಸಬೇಕು.

ಆ ಬಳಿಕ ಕರೆಗಳಿಗೆ ಜೋಡಿ ಹೆಸರುಗಳನ್ನಿಡುವ ಪದ್ಧತಿ ಹಬ್ಬಿತು: ಮೂಡುಬಿದಿರೆ ಒಂಟಿಕಟ್ಟೆಯ ಕಡಲಕೆರೆ ನಿಸರ್ಗಧಾಮದಲ್ಲಿ ಕೋಟಿ-ಚೆನ್ನಯ, ವೇಣೂರಿನಲ್ಲಿ ಸೂರ್ಯ-ಚಂದ್ರ, ಬಂಟ್ವಾಳ ತಾಲೂಕಿನ ಹೊಕ್ಕಾಡಿಗೋಳಿಯಲ್ಲಿ ವೀರ-ವಿಕ್ರಮ, ಕಕ್ಯಪದವಿನಲ್ಲಿ ಸತ್ಯ-ಧರ್ಮ. ಕೋಣಗಳನ್ನು ಬಿಡುವ ತುದಿಗೆ ಗಂತು ಎಂದೂ, ಓಟ ಮುಗಿದು ಕೋಣಗಳು ಏರಿ ನಿಲ್ಲುವ ದಿಬ್ಬದ ತುದಿಗೆ ಮಂಜೊಟ್ಟಿ ಎಂದೂ ಹೆಸರು. ನವೆಂಬರಿನಿಂದ ಮಾರ್ಚ್‌ವರೆಗಿನ ಋತುವಿನಲ್ಲಿ, ಶನಿವಾರ ಬೆಳಗ್ಗೆ ಆರಂಭವಾಗುವ ಕಂಬಳವು ಹೊನಲು ಬೆಳಕಿನಲ್ಲಿ ರಾತ್ರಿಯನ್ನು ದಾಟಿ ಭಾನುವಾರದವರೆಗೆ ನಡೆಯುವ ಕ್ರಮ ಈಗ ಸಾಮಾನ್ಯವಾಗಿದೆ. ಜಿಲ್ಲಾ ಕಂಬಳ ಸಮಿತಿಯು ದಿನಾಂಕಗಳನ್ನು ಹಂಚಿಕೊಡುವ ವ್ಯವಸ್ಥೆ ಬಂದ ಮೇಲೆ ಒಂದೇ ದಿನ ಎರಡು ಊರುಗಳಲ್ಲಿ ಕಂಬಳ ನಡೆದು ಕೋಣಗಳ ಯಜಮಾನರು ದ್ವಂದ್ವಕ್ಕೆ ಸಿಲುಕುವುದು ತಪ್ಪಿತು.

ಸ್ಪರ್ಧೆಯ ವಿಭಾಗಗಳ ಬಗ್ಗೆ ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಹೊರಗಿನವರ ತಪ್ಪು ತಿಳಿವಳಿಕೆಯ ಬೇರು ಇರುವುದು ಇಲ್ಲಿಯೇ. ನೊಗಕ್ಕೆ ಕಟ್ಟಿದ ಹಗ್ಗವನ್ನು ಹಿಡಿದು ಓಡುವುದು ಹಗ್ಗ ವಿಭಾಗ. ಓಟಕ್ಕಾಗಿಯೇ ಹಗುರಾಗಿ ಮಾಡಿದ ಮರದ ನೇಗಿಲನ್ನು ಹಿಡಿದು ಓಡುವುದು ನೇಗಿಲು ವಿಭಾಗ. ಇವೆರಡರಲ್ಲಿಯೂ ಕೋಣಗಳ ಹಲ್ಲು ನೋಡಿ ವಯಸ್ಸನ್ನು ನಿರ್ಧರಿಸಿ ಹಿರಿಯ, ಕಿರಿಯ ಎಂದು ವಿಂಗಡಿಸುತ್ತಾರೆ. ನೇಗಿಲು ಕಿರಿಯ ವಿಭಾಗಕ್ಕೆ ಬರುವ ಜೊತೆಗಳ ಸಂಖ್ಯೆ ಅತಿ ಹೆಚ್ಚು, ಏಕೆಂದರೆ ಹೊಸ ಕೋಣಗಳೂ ಹೊಸ ಯಜಮಾನರೂ ಅಲ್ಲಿಂದಲೇ ಪ್ರವೇಶಿಸುತ್ತಾರೆ. ಮೂರನೆಯದಾದ ಅಡ್ಡ ಹಲಗೆಯಲ್ಲಿ ಓಡಿಸುವವನು ಓಡುವುದೇ ಇಲ್ಲ. ಅಡ್ಡಲಾಗಿ ಕಟ್ಟಿದ ಹಲಗೆಯ ಮೇಲೆ ನಿಂತು, ಕೆಸರಿನ ಮೇಲೆ ಜಾರುತ್ತ ಸಾಗುತ್ತಾನೆ, ಅವನ ಭಾರವನ್ನು ಕೋಣಗಳು ಎಳೆಯುತ್ತವೆ. ನಾಲ್ಕನೆಯದು ಕನೆ ಹಲಗೆ.

ಕನೆ ಹಲಗೆಯಲ್ಲಿ ಗಡಿಯಾರಕ್ಕೆ ಕೆಲಸವಿಲ್ಲ. ತೂತುಗಳಿರುವ ದಪ್ಪ ಮರದ ಹಲಗೆಯ ಮೇಲೆ ಕಾಲೂರಿ ನಿಂತವನು, ಕೋಣಗಳು ಪೂರ್ಣ ವೇಗದಲ್ಲಿ ಹೋಗುತ್ತಿರುವಾಗ ತನ್ನ ಭಾರವನ್ನು ಹಲಗೆಯ ಮೇಲೆ ಸರಿಯಾದ ಕ್ಷಣದಲ್ಲಿ ಒತ್ತಿದರೆ, ಕೆಳಗಿನ ನೀರು ಆ ತೂತುಗಳ ಮೂಲಕ ಮೇಲಕ್ಕೆ ಚಿಮ್ಮುತ್ತದೆ. ಕರೆಗೆ ಅಡ್ಡಲಾಗಿ ಮೇಲೆ ಕಟ್ಟಿದ ಬಟ್ಟೆಯ ನಿಶಾನೆಯನ್ನು ಆ ನೀರು ಮುಟ್ಟಬೇಕು. ನಿಶಾನೆಯ ಎತ್ತರವನ್ನು ಬಾವಿಯ ಆಳ ಅಳೆಯುವ ಹಳೆಯ ಅಳತೆಯಾದ ಕೋಲಿನಲ್ಲಿಯೇ ಇಂದಿಗೂ ಹೇಳುತ್ತಾರೆ: ಆರೂವರೆ ಕೋಲು, ಏಳೂವರೆ ಕೋಲು. ಭಾರವನ್ನು ಬೇಗ ಒತ್ತಿದರೆ ನೀರು ನಿಶಾನೆಗೆ ಮುಂಚೆಯೇ ಬೀಳುತ್ತದೆ, ತಡವಾದರೆ ದಾಟಿ ಹೋಗುತ್ತದೆ, ಕೋಣಗಳಲ್ಲಿ ಒಂದು ಅರೆ ಹೆಜ್ಜೆ ಹಿಂದೆ ಬಿದ್ದರೆ ಹಲಗೆ ಓರೆಯಾಗಿ ನೀರು ಪಕ್ಕಕ್ಕೆ ಸಿಡಿಯುತ್ತದೆ. ಇಲ್ಲಿ ಎದುರಾಳಿಯನ್ನು ಸೋಲಿಸುವ ಮಾತಿಲ್ಲ. ಕಂಬಳದ ಆಮಂತ್ರಣ ಪತ್ರಿಕೆಗಳಲ್ಲಿ ಈ ವಿಭಾಗದ ಮುಂದೆ ‘ನೀರು ನೋಡಿ ಬಹುಮಾನ’ ಎಂದು ಬರೆದಿರುತ್ತದೆ. ನಿಶಾನೆಗೆ ನೀರು ಹಾಯಿಸಿದ ಪ್ರತಿ ಜೊತೆಯೂ ಬಹುಮಾನಕ್ಕೆ ಅರ್ಹ, ಯಾರೂ ಹಾಯಿಸದಿದ್ದರೆ ಗೆದ್ದವರೇ ಇಲ್ಲ. ಕೋಣಗಳ ವೇಗ, ಬಲ, ಸಮಗತಿ ಮತ್ತು ಹಲಗೆ ಮುಟ್ಟಿದವನ, ಅಂದರೆ ಅದರ ಮೇಲೆ ನಿಂತವನ, ನೈಪುಣ್ಯ ಇವೆಲ್ಲವೂ ಒಂದೇ ಕ್ಷಣದಲ್ಲಿ ಕೂಡಬೇಕಾದ ಈ ವಿಭಾಗವೇ ಇಡೀ ಕಂಬಳದ ಅತ್ಯುನ್ನತ ವಿದ್ಯೆ. ಇದರಲ್ಲಿ ಬೈಂದೂರು, ಭಟ್ಕಳ ಕಡೆಯವರು ಪಡೆದ ಹೆಸರು ದೊಡ್ಡದು. ದಕ್ಷಿಣದ ಯಜಮಾನರ ಕೋಣಗಳಿಗೂ ಹಲಗೆ ಮುಟ್ಟಲು ಅವರನ್ನೇ ಕರೆಸುವ ರೂಢಿ ಬೆಳೆದದ್ದು ಅದರಿಂದಲೇ.

ಇಂತಹ ತೀರ್ಪಿನ ಕ್ರಮ ಪ್ರಾಣಿಗಳೊಂದಿಗೆ ನಡೆಯುವ ಸ್ಪರ್ಧೆಗಳಲ್ಲಿ ಅಪರೂಪವೇನಲ್ಲ. ಬ್ರಿಟನ್ನಿನಲ್ಲಿ ಪಾಯಿಂಟರ್ ಮತ್ತು ಸೆಟ್ಟರ್ ಎಂಬ ಬೇಟೆನಾಯಿಗಳ ಪರೀಕ್ಷಾ ಸ್ಪರ್ಧೆಗಳು 1865ರಲ್ಲಿ ಬೆಡ್‌ಫರ್ಡ್‌ಶೈರಿನ ಸೌತ್‌ಹಿಲ್‌ನಲ್ಲಿ ಆರಂಭವಾಗಿ, ಉತ್ತರದ ಗ್ರೌಸ್ ಹಕ್ಕಿಗಳ ಕುರುಚಲು ಬಯಲುಗಳಲ್ಲಿ ಇಂದಿಗೂ ನಡೆಯುತ್ತಿವೆ. ಗಾಳಿಗೆ ಎದುರಾಗಿ ಬಯಲನ್ನು ಅತ್ತಿಂದಿತ್ತ ಜಾಲಾಡುವ ನಾಯಿಯು ಹಕ್ಕಿಯ ವಾಸನೆ ಹಿಡಿದೊಡನೆ ಕಲ್ಲಾಗಿ ನಿಲ್ಲಬೇಕು, ಜೊತೆಗಿರುವ ನಾಯಿ ಅದನ್ನು ಕಂಡು ತಾನೂ ನಿಂತು ಗೌರವಿಸಬೇಕು. ಒಬ್ಬನೇ ಎರಡು ನಾಯಿಗಳನ್ನು ಒಟ್ಟಿಗೆ ನಡೆಸುವ ಜೋಡಿ ವಿಭಾಗವೂ ಅಲ್ಲಿದೆ. ಅಲ್ಲಿಯೂ ವೇಗವನ್ನು ಅಳೆಯುವ ಗಡಿಯಾರವಿಲ್ಲ, ತೀರ್ಪುಗಾರರು ಕೆಲಸದ ಗುಣವನ್ನು ನೋಡುತ್ತಾರೆ, ಯೋಗ್ಯತೆ ಕಾಣದಿದ್ದರೆ ಬಹುಮಾನವನ್ನು ತಡೆಹಿಡಿಯುವ ಅಧಿಕಾರ ಅವರಿಗಿದೆ. ಕನೆ ಹಲಗೆಯ ನಿಶಾನೆ ಇದೇ ಜಾತಿಯ ಮಾನದಂಡ. ಆದರೆ ಆ ನಾಯಿಗಳ ವಿಷಯದಲ್ಲಿ ಕೆನೆಲ್ ಕ್ಲಬ್ 1874ರಲ್ಲಿಯೇ ವಂಶಾವಳಿ ಮತ್ತು ಫಲಿತಾಂಶಗಳ ಗ್ರಂಥವನ್ನು ಪ್ರಕಟಿಸಲು ಆರಂಭಿಸಿತು ಎಂಬ ವ್ಯತ್ಯಾಸವನ್ನು ನೆನಪಿನಲ್ಲಿಡಬೇಕು.

ಜೋಡುಕರೆಯ ಎರಡನೆಯ ತಲೆಮಾರು ಈ ಸ್ಪರ್ಧೆಗೆ ಕೊಟ್ಟದ್ದು ಸಾಕುವಿಕೆಯ ವಿದ್ಯೆ. ಉಳುಮೆಯ ಕೋಣವನ್ನು ನಾಲ್ಕು ದಿನ ಚೆನ್ನಾಗಿ ಮೇಯಿಸಿ ಕಂಬಳಕ್ಕೆ ಇಳಿಸುತ್ತಿದ್ದ ಕಾಲ ಹೋಗಿ, ವರ್ಷವಿಡೀ ಓಟಕ್ಕಾಗಿಯೇ ಕೋಣವನ್ನು ಸಜ್ಜುಗೊಳಿಸುವ ಕ್ರಮ ಬಂತು. ಮಳೆಗಾಲದಲ್ಲಿ ವಿಶ್ರಾಂತಿ, ಬೇಯಿಸಿದ ಹುರುಳಿ, ದಿನವೂ ಎಣ್ಣೆ ಹಚ್ಚಿ ತಿಕ್ಕುವುದು, ಉಸಿರು ಮತ್ತು ಮಾಂಸಖಂಡ ಗಟ್ಟಿಯಾಗಲು ಕೆರೆಯಲ್ಲಿ ಈಜಿಸುವುದು, ಋತುವಿಗೆ ಮೊದಲು ಕುದಿ ಕಂಬಳದಲ್ಲಿ ಪರೀಕ್ಷೆಯ ಓಟ, ಹೀಗೆ ಒಂದು ಪೂರ್ಣ ದಿನಚರಿ ರೂಪುಗೊಂಡಿತು. ಹಿಂದೆ ಸುಬ್ರಹ್ಮಣ್ಯದ ಬಳಿಯ ಕುಲ್ಕುಂದದ ಜಾನುವಾರು ಜಾತ್ರೆಯಲ್ಲಿ ಹೆಗಲು, ಗೊರಸು, ಕಣ್ಣು, ಸುಳಿ ನೋಡಿ ಕೋಣಕರುಗಳನ್ನು ಆರಿಸುತ್ತಿದ್ದವರ ಕಣ್ಣಿನ ಪಳಗು ಈಗಿನ ಹಟ್ಟಿಗಳಿಗೂ ಹರಿದುಬಂದಿದೆ. ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು ಜೊತೆ ಕಟ್ಟುವ ಕೆಲಸ. ನೊಗದ ಎಡಕ್ಕೆ ಒಗ್ಗಿದ ಕೋಣ ಬಲಕ್ಕೆ ಒಗ್ಗುವುದಿಲ್ಲ. ಎರಡೂ ಒಳ್ಳೆಯ ಕೋಣಗಳಾದರೂ ಒಂದರ ಜಿಗಿತ ಉದ್ದ, ಇನ್ನೊಂದರದ್ದು ಗಿಡ್ಡವಾಗಿದ್ದರೆ ನೊಗ ಓರೆಯಾಗುತ್ತದೆ, ಓಟ ಹಾಳಾಗುತ್ತದೆ. ಆದ್ದರಿಂದಲೇ ಯಜಮಾನರು ತಮ್ಮ ಬಲದ ಕೋಣಕ್ಕೆ ಸರಿಹೊಂದುವ ಎಡದ ಕೋಣಕ್ಕಾಗಿ ಮನೆಯಿಂದ ಮನೆಗೆ ಹುಡುಕುತ್ತ ಹೋಗುತ್ತಾರೆ. ಬೆಳ್ತಂಗಡಿ ಮತ್ತು ಬಂಟ್ವಾಳದ ಹಟ್ಟಿಗಳಲ್ಲಿ ಕೋಣಗಳ ಜೊತೆಯಲ್ಲಿಯೇ ಮಲಗಿ ಏಳುವ, ಕೋಣದ ಮೇವಿನ ಬಯಕೆ ತಗ್ಗಿದ್ದನ್ನು ಯಜಮಾನನಿಗಿಂತ ಮೊದಲೇ ಅರಿಯುವ ಕೆಲಸಗಾರರು ಈ ವಿದ್ಯೆಯ ನಿಜವಾದ ಒಡೆಯರು.

ಓಟಗಾರರ ವಿಷಯದಲ್ಲಿ ದೊಡ್ಡ ತಿರುವು ಬಂದದ್ದು 2011ರಲ್ಲಿ ಪ್ರೊ. ಕೆ. ಗುಣಪಾಲ ಕಡಂಬರ ನೇತೃತ್ವದಲ್ಲಿ ಕಂಬಳ ಸಂರಕ್ಷಣೆ, ನಿರ್ವಹಣೆ ಮತ್ತು ತರಬೇತಿ ಅಕಾಡೆಮಿ ಆರಂಭವಾದಾಗ. ಅಲ್ಲಿಯವರೆಗೆ ಓಡಿಸುವವನು ಹೊಲದ ಕೆಲಸದ ಮೂಲಕ, ನೋಡಿ ಕಲಿತವನಾಗಿರುತ್ತಿದ್ದ. ಅಕಾಡೆಮಿಯು ಯುವಕರಿಗೆ ದೇಹದಾರ್ಢ್ಯ, ಕರೆಯ ಶಿಸ್ತು, ಕೋಣಗಳನ್ನು ಹಿಂಸಿಸದೆ ಓಡಿಸುವ ವಿಧಾನ ಇವುಗಳನ್ನು ಪಾಠವಾಗಿ ಕಲಿಸಿತು. ಮುಂದೆ ಹೆಸರು ಮಾಡಿದ ಶ್ರೀನಿವಾಸ ಗೌಡರು ಅದರ ಮೊದಲ ತಂಡದಿಂದ ಬಂದವರು. ಹೆಚ್ಚುಕಡಿಮೆ ಇದೇ ಅವಧಿಯಲ್ಲಿ ಮಂಜೊಟ್ಟಿಯ ಗೆರೆಯಲ್ಲಿ ಲೇಸರ್ ಕಿರಣದ ವ್ಯವಸ್ಥೆ ಬಂದು, ತೀರ್ಪುಗಾರರ ಬರಿಗಣ್ಣಿನ ಮೇಲೆ ನಿಂತಿದ್ದ ತೀರ್ಮಾನ ಸೆಕೆಂಡಿನ ನೂರನೆಯ ಭಾಗಕ್ಕೆ ಬಂದಿತು. ನಸುಕಿನ ಮೂರು ಗಂಟೆಗೆ ಮಂಜೊಟ್ಟಿಯ ಬಳಿ ತಕರಾರೆದ್ದು ಕಂಬಳ ನಿಂತುಹೋಗುತ್ತಿದ್ದ ದಿನಗಳನ್ನು ಕಂಡವರಿಗೆ ಈ ತಂತ್ರಜ್ಞಾನದ ಉಪಕಾರ ಎಷ್ಟು ದೊಡ್ಡದೆಂದು ಗೊತ್ತು. ಆದರೆ ಇಬ್ಬರಲ್ಲಿ ಯಾರು ಮುಂದೆ ಎಂಬುದನ್ನು ಹೇಳಲು ಬಂದ ಸಾಧನವು ಎಲ್ಲ ಕಾಲದ ಎಲ್ಲ ಓಟಗಳನ್ನೂ ತೂಗುವ ತಕ್ಕಡಿಯಾಗಿ ಮಾರ್ಪಟ್ಟದ್ದು ಅದರ ತಪ್ಪು ಬಳಕೆ.

ಆ ತಪ್ಪನ್ನು ಅಂಕಿಗಳೇ ತೋರಿಸುತ್ತವೆ. ಐಕಳದ ಓಟದ ಎರಡು ವಾರಗಳ ಬಳಿಕ ವೇಣೂರಿನಲ್ಲಿ ಬಜಗೋಳಿ ಜೋಗಿಬೆಟ್ಟಿನ ನಿಶಾಂತ್ ಶೆಟ್ಟರು 143 ಮೀಟರನ್ನು 13.61 ಸೆಕೆಂಡುಗಳಲ್ಲಿ ಕ್ರಮಿಸಿದರು, ನೂರು ಮೀಟರಿನ ಲೆಕ್ಕ 9.51ಕ್ಕೆ ಇಳಿಯಿತು. ಮರುವರ್ಷ ಇದೇ ತಾಲೂಕುಗಳ ಕರೆಗಳಿಂದ ಒಂಬತ್ತು ಸೆಕೆಂಡಿಗೂ ಕಡಿಮೆಯ ಲೆಕ್ಕಗಳು ವರದಿಯಾದವು. ಒಂದೇ ವರ್ಷದಲ್ಲಿ ಮನುಷ್ಯನ ಕಾಲಿಗೆ ಅರ್ಧ ಸೆಕೆಂಡಿನ ಶಕ್ತಿ ಬರಲಾರದು. ಬದಲಾಗುವುದು ಕರೆಯ ಉದ್ದ, ಮರಳಿನ ಪ್ರಮಾಣ, ನೀರಿನ ಆಳ, ಕೋಣಗಳ ವಯಸ್ಸು ಮತ್ತು ಅವುಗಳ ಸಜ್ಜು. ಓಟಗಾರನನ್ನು ಮುಂದಕ್ಕೆ ಸೆಳೆಯುವುದು ಕೋಣಗಳ ಬಲ, ಅವನ ಪ್ರತಿ ಹೆಜ್ಜೆ ಅದರಿಂದಲೇ ಉದ್ದವಾಗುತ್ತದೆ. ಆ ವೇಗದಲ್ಲಿ ಕೆಸರಿನಲ್ಲಿ ಕಾಲು ತಪ್ಪದೆ ನಿಲ್ಲುವುದೇ ಅವನ ಸಾಧನೆ, ಅದು ಒಣ ನೆಲದ ಓಟಕ್ಕಿಂತ ಕಡಿಮೆಯದಲ್ಲ, ಆದರೆ ಬೇರೆಯದು. ಕ್ರೀಡಾ ಪ್ರಾಧಿಕಾರದ ಪರೀಕ್ಷೆಗೆ ಆಹ್ವಾನ ಬಂದಾಗ ಶ್ರೀನಿವಾಸ ಗೌಡರು ಅದನ್ನು ಒಪ್ಪಿಕೊಳ್ಳದೆ ಕಂಬಳದಲ್ಲಿಯೇ ಉಳಿದದ್ದು ಈ ವ್ಯತ್ಯಾಸವನ್ನು ಬಲ್ಲವರ ವಿವೇಕ. ಹೋಲಿಕೆಯ ಗದ್ದಲದಲ್ಲಿ ಆ ವಿವೇಕಕ್ಕೆ ಸಿಗಬೇಕಾದ ಮನ್ನಣೆ ಸಿಗಲಿಲ್ಲ.

ನ್ಯಾಯಾಲಯದ ಘಟ್ಟವನ್ನು ಹಲವರು ವಿವರವಾಗಿ ಬರೆದಿರುವುದರಿಂದ ಇಲ್ಲಿ ಸಂಕ್ಷೇಪ ಸಾಕು. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟಗಳನ್ನು ನಿಷೇಧಿಸಿದ ನೆರಳು ಕಂಬಳದ ಮೇಲೂ ಬಿತ್ತು. 2016ರ ನವೆಂಬರಿನಲ್ಲಿ ಹೈಕೋರ್ಟಿನ ಮಧ್ಯಂತರ ತಡೆಯಾಜ್ಞೆಯಿಂದ ಕರೆಗಳು ಬರಿದಾದವು. 2017ರ ಜನವರಿಯಲ್ಲಿ ಮೂಡುಬಿದಿರೆಯಲ್ಲಿ ಕೋಣಗಳನ್ನು ಕಟ್ಟಿಕೊಂಡು ಸೇರಿದ ಹಕ್ಕೊತ್ತಾಯದ ಬಳಿಕ ವಿಧಾನಮಂಡಲ ಕಂಬಳಕ್ಕೆ ಅವಕಾಶ ಕೊಡುವ ಕಾಯ್ದೆ ತಿದ್ದುಪಡಿಯನ್ನು ಅಂಗೀಕರಿಸಿತು, 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದಿತು, 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ಈ ಹೋರಾಟ ಕಂಬಳವನ್ನು ಉಳಿಸಿತು ಮಾತ್ರವಲ್ಲ, ತಿದ್ದಿತು ಕೂಡ. ಬಾರುಕೋಲಿನ ಬಳಕೆಗೆ ಕಡಿವಾಣ ಬಿದ್ದದ್ದು, ಪಶುವೈದ್ಯರು ಕರೆಯ ಬಳಿ ಇರುವಂತಾದದ್ದು, ರಾತ್ರಿ-ಹಗಲು ಎಳೆಯುವ ಕಂಬಳಗಳಿಗೆ ಕಾಲಮಿತಿ ಹಾಕುವ ಚರ್ಚೆ ಗಂಭೀರವಾದದ್ದು ಆ ಒತ್ತಡದಿಂದ. ಪ್ರಾಣಿಪ್ರೇಮಿಗಳ ಆಕ್ಷೇಪಗಳನ್ನೆಲ್ಲ ಹೊರಗಿನವರ ಅಜ್ಞಾನವೆಂದು ತಳ್ಳಿಹಾಕುವ ಕಂಬಳಾಭಿಮಾನಿಗಳು ಇದನ್ನು ಒಪ್ಪಿಕೊಳ್ಳಬೇಕು.

ತೀರ್ಪಿನ ಬೆನ್ನಲ್ಲೇ 2023ರ ನವೆಂಬರ್ 25 ಮತ್ತು 26ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಂಬಳ ನಡೆಯಿತು. ಹಿಂದಿನ ವರ್ಷ ಬಂದ ಕಾಂತಾರ ಚಿತ್ರದ ಕಂಬಳದ ದೃಶ್ಯ ಆ ಜನಸಾಗರದ ಬಹುಪಾಲಿಗೆ ಮೊದಲ ಪರಿಚಯವಾಗಿತ್ತು. ಘಟ್ಟದ ಮೇಲೆ ಕೋಣಗಳನ್ನು ಲಾರಿಯಲ್ಲಿ ಒಯ್ಯುವುದರ ಶ್ರಮ, ನೀರು ಮತ್ತು ಮೇವಿನ ಬದಲಾವಣೆ ಕೋಣಗಳ ಮೈಗೆ ಒಗ್ಗುವ ಬಗೆ ಇವುಗಳನ್ನು ಬಲ್ಲವರು ಆ ಪ್ರಯೋಗವನ್ನು ಎಚ್ಚರಿಕೆಯಿಂದಲೇ ನೋಡಿದರು. ಒಂದೆರಡು ದಿನಗಳ ನಗರದ ಕಂಬಳಕ್ಕಿಂತ, ಬಂಗಾಡಿಯಂತಹ ಊರಿನ ಕಂಬಳ ವರ್ಷ ತಪ್ಪದೆ ನಡೆಯುವುದೇ ಈ ಸ್ಪರ್ಧೆಗೆ ಹೆಚ್ಚು ಮುಖ್ಯವಾದದ್ದು. ಅನುದಾನದ ಹಂಚಿಕೆಯಲ್ಲಿ ಈ ಆದ್ಯತೆ ಕಾಣಿಸುತ್ತಿಲ್ಲ.

ಈಗಿನ ಸ್ಥಿತಿಯಲ್ಲಿ ಎದ್ದು ಕಾಣುವ ಕೊರತೆ ದಾಖಲೆಯದ್ದು. ಸೋಮವಾರದ ಪತ್ರಿಕೆಯಲ್ಲಿ ಬರುವ ಫಲಿತಾಂಶದ ಪಟ್ಟಿಯನ್ನು ನೋಡಿದರೆ ಮೊದಲು ಯಜಮಾನರ ಹೆಸರು, ಅದರ ಮುಂದೆ ‘ಎ’ ಅಥವಾ ‘ಬಿ’, ಬಳಿಕ ‘ಓಡಿಸಿದವರು’ ಅಥವಾ ‘ಹಲಗೆ ಮುಟ್ಟಿದವರು’ ಎಂದು ಓಟಗಾರನ ಹೆಸರು ಇರುತ್ತದೆ. ಓಡಿದ ಎರಡು ಕೋಣಗಳ ಹೆಸರು ಇರುವುದಿಲ್ಲ, ಅವುಗಳನ್ನು ಸಾಕಿದವರ ಹೆಸರು ಇರುವುದಿಲ್ಲ, ಗಂತಿನಲ್ಲಿ ಕೋಣ ಹಿಡಿದು ಬಿಟ್ಟವರ ಹೆಸರಿನ ಮಾತೇ ಇಲ್ಲ. ಕರೆಯ ಉದ್ದವನ್ನು ಪ್ರತಿ ವರ್ಷ ಅಳೆದು ಪ್ರಕಟಿಸುವ ಕ್ರಮವೂ ಎಲ್ಲೆಡೆ ಬಂದಿಲ್ಲ. ಅಳತೆಯಿಲ್ಲದ ನೆಲದ ಮೇಲೆ ನೂರನೆಯ ಒಂದು ಸೆಕೆಂಡಿನ ದಾಖಲೆ ನಿಂತಿದೆ. ಕನೆ ಹಲಗೆಗೆ ಇಳಿಯುವ ಜೊತೆಗಳನ್ನು ಬೆರಳುಗಳಲ್ಲಿ ಎಣಿಸಬಹುದಾದ ಸ್ಥಿತಿ ಬಂದಿರುವಾಗ, ಹಿಂದಿನ ದಶಕಗಳಲ್ಲಿ ಯಾವ ಕರೆಯಲ್ಲಿ ಯಾರು ಎಷ್ಟು ಕೋಲು ನೀರು ಹಾಯಿಸಿದರು ಎಂಬುದನ್ನು ಒಂದೆಡೆ ಬರೆದಿಟ್ಟ ಪುಸ್ತಕ ಓದುಗರ ಕೈಗೆ ಸಿಗುವಂತಿಲ್ಲ. ಅಕಾಡೆಮಿ ಓಟಗಾರರನ್ನು ತಯಾರಿಸುತ್ತಿದೆ; ಹಲಗೆ ಮುಟ್ಟುವುದಕ್ಕೆ, ಜೊತೆ ಕಟ್ಟುವುದಕ್ಕೆ, ಹಟ್ಟಿಯ ಕೆಲಸಕ್ಕೆ ಅಷ್ಟೇ ಶಿಸ್ತಿನ ತರಬೇತಿ ಬೇಕಾಗಿದೆ. ಕುಲ್ಕುಂದದಲ್ಲಿ ಕೋಣಕರು ಆರಿಸಿದವರಲ್ಲಿ, ಟಿಲ್ಲರಿಗೆ ಮೊದಲಿನ ಹಟ್ಟಿಯನ್ನು ಕಂಡ ಕೆಲಸಗಾರರಲ್ಲಿ ಇನ್ನೂ ಕೆಲವರು ವೇಣೂರು, ಬಂಗಾಡಿ, ಕಕ್ಯಪದವುಗಳ ಸುತ್ತಮುತ್ತ ಇದ್ದಾರೆ. ಅವರ ಮಾತನ್ನು ಬರೆದಿಡುವ ಕೆಲಸ, ಮತ್ತು ಫಲಿತಾಂಶದ ಪಟ್ಟಿಗೆ ಕರೆಯ ಉದ್ದ, ಕೋಣಗಳ ಹೆಸರು, ಸಾಕಿದವರ ಹೆಸರು ಎಂಬ ಮೂರು ಅಂಕಣಗಳನ್ನು ಸೇರಿಸುವ ಕೆಲಸ, ಮುಂದಿನ ನವೆಂಬರಿನಲ್ಲಿ ಮೊದಲ ಕರೆಗೆ ನೀರು ಕಟ್ಟುವ ಮೊದಲೇ ಸಮಿತಿಗಳು ಆರಂಭಿಸಬಹುದಾದದ್ದು.